ಅತ್ತಿ ಮರದ ದಾಸೋಹ



ಬಹಳ ದಿನ ಮನೆಯ ಕಡೆ ತಲೆ ಹಾಕದಿದ್ದ ನೆಂಟರು ಬಂದು ಬಾಗಿಲಲ್ಲಿ ನಿಂತರೆ ನಮ್ಮ ತಾಳವಾಡಿ ಸೀಮೆಯಲ್ಲಿ ತಮಿಳು ಬಲ್ಲವರು ‘ಅತ್ತಿ ಪೂತ್ತಾಪ್ಪೋಲ’ ಬಂದಿರಲ್ಲ ಎಂದು ನಗುವುದುಂಟು. ಅತ್ತಿ ಹೂ ಬಿಟ್ಟ ಹಾಗೆ, ಅಂದರೆ ಎಂದೋ ಒಮ್ಮೆ ಕಾಣುವ ಅಪರೂಪದ ಸಂಗತಿ ಎಂದು ಆ ಮಾತಿನ ಅರ್ಥ. ಅತ್ತಿಯ ಮೇಲೆ ಇನ್ನೊಂದು ಮಾತೂ ಇದೆ. ಅದರ ಹಣ್ಣು ಹೊರಗೆ ನೋಡಲು ಚೆಂದ, ಬಿಚ್ಚಿದರೆ ಒಳಗೆಲ್ಲ ಹುಳು ಎಂಬುದು. ತೆಲುಗಿನ ವೇಮನನು ಒಳಗೆ ಅಳುಕಿಟ್ಟುಕೊಂಡು ಹೊರಗೆ ಬಿಂಕ ತೋರುವವನನ್ನು ಇದೇ ಹಣ್ಣಿಗೆ ಹೋಲಿಸಿದ್ದಾನೆ.

ಹೀಗೆ ಒಂದೇ ಮರದ ಮೇಲೆ ಎರಡು ಅಪವಾದ. ಒಂದು, ಹೂವಿಲ್ಲ. ಎರಡು, ಹಣ್ಣಿನ ತುಂಬ ಹುಳು. ಈ ತಿಂಗಳ ಪಾಠದಲ್ಲಿ ನಾವು ಈ ಎರಡು ಅಪವಾದಗಳನ್ನೂ ಬಿಡಿಸಿ ನೋಡೋಣ. ನೋಡಿದ ಮೇಲೆ, ನಮ್ಮ ಹಳ್ಳದ ಅಂಚಿನಲ್ಲಿ, ಹೊಲದ ಬದುವಿನಲ್ಲಿ ಉಳಿದಿರುವ ಅತ್ತಿ ಮರಗಳಿಗೆ ಕೊಡಲಿ ಹಾಕಬೇಕೇ ಬೇಡವೇ ಎಂಬುದನ್ನು ಸದ್ಭಕ್ತರು ತಾವೇ ತೀರ್ಮಾನಿಸಬೇಕೆಂದು ನಮ್ಮ ಕೋರಿಕೆ.

ಗಡಿಯ ಎರಡು ಕಡೆಗೂ ಒಂದೇ ಹೆಸರು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರೆಯಾದ ಜಿಲ್ಲೆಯೇ ಇಂದಿನ ಈರೋಡು ಜಿಲ್ಲೆ. 2016ರಲ್ಲಿ ತಾಳವಾಡಿಯೇ ಒಂದು ತಾಲ್ಲೂಕಾಯಿತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು ಎಂಬ ಬದುಕು ನಮಗೆ ರೂಢಿಯಾಗಿದೆ. ಆದರೆ ಅತ್ತಿ ಮರದ ಬಳಿ ನಿಂತಾಗ ಈ ತೊಡಕಿಲ್ಲ. ಕನ್ನಡದಲ್ಲೂ ಅತ್ತಿ, ತಮಿಳಿನಲ್ಲೂ ಅತ್ತಿ, ಮಲಯಾಳದಲ್ಲೂ ಅತ್ತಿ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಬರುವಾಗ ಸಿಗುವ ಸುವರ್ಣಾವತಿ ಅಣೆಕಟ್ಟೆಯ ಊರು ಅತ್ತಿಗುಳಿಪುರ. ಆ ಹೆಸರಿನ ಮೊದಲಲ್ಲೂ ಅತ್ತಿಯೇ ಕೂತಿದೆ.

ತೆಲುಗರು ಇದನ್ನು ಮೇಡಿ ಎನ್ನುತ್ತಾರೆ. ಮರಾಠಿಗರಿಗೆ ಉಂಬರ, ಹಿಂದಿಯವರಿಗೆ ಗೂಲರ್. ಸಂಸ್ಕೃತದಲ್ಲಿ ಉದುಂಬರ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟ ಶಾಸ್ತ್ರೀಯ ಹೆಸರು ಫೈಕಸ್ ರೆಸಿಮೋಸ. ಹಳೆಯ ಪುಸ್ತಕಗಳಲ್ಲಿ ಫೈಕಸ್ ಗ್ಲೊಮರೇಟ ಎಂದೂ ಕಾಣುತ್ತದೆ. ಎರಡು ಹೆಸರುಗಳೂ ಕಾಯಿ ಗೊಂಚಲುಗಟ್ಟುವ ಗುಣವನ್ನೇ ಸೂಚಿಸುತ್ತವೆ. ಆಲ, ಅರಳಿ, ಬಸರಿ, ಗೋಣಿ, ಪೇಟೆಯಲ್ಲಿ ಸಿಗುವ ಅಂಜೂರ, ಇವೆಲ್ಲ ಅತ್ತಿಯ ಅಣ್ಣತಮ್ಮಂದಿರೇ. ಜಗತ್ತಿನಲ್ಲಿ ಈ ಕುಲದ ಮರ, ಪೊದೆ, ಬಳ್ಳಿಗಳು ಏಳುನೂರೈವತ್ತಕ್ಕೂ ಹೆಚ್ಚು ಬಗೆಯವು ಇವೆ.

ಮರವನ್ನು ಗುರುತಿಸುವ ಬಗೆ

ಅತ್ತಿಯನ್ನು ಗುರುತಿಸಲು ಮೇಲೆ ನೋಡಬೇಕಾಗಿಲ್ಲ, ಬುಡವನ್ನು ನೋಡಿದರೆ ಸಾಕು. ಬೇರೆ ಮರಗಳು ಕೊಂಬೆಯ ತುದಿಯಲ್ಲಿ, ಎಲೆಗಳ ನಡುವೆ ಕಾಯಿ ಬಿಟ್ಟರೆ, ಅತ್ತಿಯು ದಪ್ಪ ಕಾಂಡದ ಮೇಲೆ, ದೊಡ್ಡ ಕೊಂಬೆಗಳ ಮೈಮೇಲೆ, ಹಲಸಿನ ಹಾಗೆ ಕಾಯಿ ಬಿಡುತ್ತದೆ. ಒಂದೊಂದು ಗೊಂಚಲಿನಲ್ಲಿ ಹತ್ತಾರು ಕಾಯಿ. ಎಳೆಯದಾಗಿದ್ದಾಗ ಹಸಿರು, ಹಣ್ಣಾದಾಗ ಕಿತ್ತಳೆ ಅಥವಾ ಕಡುಗೆಂಪು. ಗಾತ್ರ ಹೆಚ್ಚೆಂದರೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು.

ಮರವು 15ರಿಂದ 30 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ತೊಗಟೆ ನುಣುಪು, ಬಣ್ಣ ಬೂದು ಬೆರೆತ ಕಂದು. ಎಲೆ ಉದ್ದವಾಗಿದ್ದು ತುದಿ ಚೂಪು; ಮುಟ್ಟಿದರೆ ನಯ. ಆಲದಂತೆ ನೆಲಕ್ಕಿಳಿಯುವ ಬಿಳಲುಗಳ ಸಾಲು ಇದಕ್ಕಿಲ್ಲ. ಎಲೆ ಕಿತ್ತರೂ, ಕಾಯಿ ಚಿವುಟಿದರೂ ಬಿಳಿಯ ಹಾಲು ಒಸರುತ್ತದೆ. ಅನೇಕ ಎಲೆಗಳ ಮೇಲೆ ಗುಳ್ಳೆಯೆದ್ದಂತೆ ಗಂಟುಗಳಿರುತ್ತವೆ. ಅದು ಮರದ ರೋಗವಲ್ಲ, ಎಲೆಯ ರಸ ಹೀರುವ ಒಂದು ಸಣ್ಣ ಕೀಟ ಕಟ್ಟಿಸಿಕೊಂಡ ಮನೆ.

ಕಾಡತ್ತಿ ಎಂದು ಕರೆಯುವ ಇನ್ನೊಂದು ಚಿಕ್ಕ ಮರ ಹಳ್ಳಗಳ ಬದಿಯಲ್ಲಿದೆ. ಅದರ ಎಲೆ ಮರಳು ಕಾಗದದಂತೆ ಒರಟು, ಕಾಯಿಯ ಮೇಲೆ ಸಣ್ಣ ರೋಮ, ಹಣ್ಣಾದರೆ ಹಳದಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಅತ್ತಿಯ ಎಲೆಗಳು ಒಂದಾದ ಮೇಲೊಂದರಂತೆ ಬರುತ್ತವೆ. ಈ ಎರಡು ಮರಗಳನ್ನು ಕಲಸಿಕೊಳ್ಳಬಾರದು.

ಮೊದಲನೆಯ ಅಪವಾದ: ಹೂವಿಲ್ಲ

ಒಂದು ಎಳೆಯ ಅತ್ತಿಕಾಯಿಯನ್ನು ಚಾಕುವಿನಿಂದ ಎರಡು ಹೋಳು ಮಾಡಿ ಬಿಸಿಲಿನಲ್ಲಿ ಹಿಡಿದು ನೋಡಿ. ಒಳಗೆ ಟೊಳ್ಳು. ಟೊಳ್ಳಿನ ಗೋಡೆಯ ತುಂಬ ದಾರದ ಎಳೆಗಳಂತೆ ಒತ್ತೊತ್ತಾಗಿ ನಿಂತಿರುವವೇ ಅತ್ತಿಯ ಹೂಗಳು. ಒಂದು ಕಾಯಿಯಲ್ಲಿ ನೂರಾರು, ದೊಡ್ಡ ಕಾಯಿಯಲ್ಲಿ ಸಾವಿರಾರು. ನಾವು ಕಾಯಿ ಎಂದು ಕರೆಯುವುದು ನಿಜವಾಗಿ ಕಾಯಲ್ಲ. ಒಳಮುಖವಾಗಿ ಮಡಿಚಿಕೊಂಡ ಹೂಗೊಂಚಲು. ಸೇವಂತಿಗೆಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದರೆ ಹೇಗೋ ಹಾಗೆ. ಮುಷ್ಟಿಯ ಬಾಯಿಯಂತೆ ಕಾಯಿಯ ತುದಿಯಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ಆ ಕಿಂಡಿಯನ್ನೂ ಚಿಕ್ಕ ಎಸಳುಗಳು ಒಂದರ ಮೇಲೊಂದು ಮುಚ್ಚಿಕೊಂಡಿರುತ್ತವೆ.

ಆದ್ದರಿಂದ ಅತ್ತಿ ಹೂ ಬಿಡುವುದು ಅಪರೂಪದ ಸಂಗತಿಯಲ್ಲ. ವರ್ಷದಲ್ಲಿ ಹಲವು ಸಲ ಅದು ಹೂ ಬಿಡುತ್ತದೆ. ಬಿಟ್ಟ ಹೂವನ್ನು ತೋರಿಸಿಕೊಳ್ಳುವುದಿಲ್ಲ, ಅಷ್ಟೆ. ಕಾಣಲಿಲ್ಲವೆಂದು ನಾವು ಇಲ್ಲವೆಂದುಬಿಟ್ಟೆವು.

ಎರಡನೆಯ ಅಪವಾದ: ಹಣ್ಣಿನ ತುಂಬ ಹುಳು

ಮುಚ್ಚಿದ ಮನೆಯೊಳಗಿನ ಹೂವಿಗೆ ಪರಾಗ ತಂದು ಮುಟ್ಟಿಸುವವರು ಯಾರು? ಗಾಳಿ ಒಳಗೆ ಹೋಗದು, ಜೇನು ನುಸುಳದು. ಈ ಕೆಲಸಕ್ಕೆಂದೇ ಒಂದು ಕೀಟವಿದೆ. ಕಣಜದ ಜಾತಿಗೆ ಸೇರಿದ ಇದು ಸುಮಾರು ಎರಡು ಮಿಲಿಮೀಟರ್ ಉದ್ದ, ಎಳ್ಳಿಗಿಂತಲೂ ಚಿಕ್ಕದು. ಇದರ ಶಾಸ್ತ್ರೀಯ ಹೆಸರು ಸೆರಟೊಸೋಲೆನ್ ಫ್ಯೂಸಿಸೆಪ್ಸ್. ನಾವು ಅತ್ತಿ ಕಣಜ ಎನ್ನೋಣ.

ಕಾಯಿಯೊಳಗಿನ ಹೆಣ್ಣು ಹೂಗಳು ಅರಳಿದಾಗ ಕಾಯಿಯಿಂದ ಒಂದು ವಾಸನೆ ಹೊರಡುತ್ತದೆ. ಅದನ್ನು ಹಿಡಿದು ಹೆಣ್ಣು ಕಣಜ ಹಾರಿ ಬಂದು ಕಿಂಡಿಯನ್ನು ಹುಡುಕುತ್ತದೆ. ಎಸಳುಗಳ ನಡುವೆ ಮೈ ಹಿಸುಕಿಕೊಂಡು ಒಳಗೆ ನುಗ್ಗುವಾಗ ಅದರ ರೆಕ್ಕೆಗಳು ಮುರಿದು ಹೊರಗೇ ಉಳಿಯುತ್ತವೆ. ಹಾರಿ ಬಂದ ದಾರಿಯಲ್ಲಿ ಮತ್ತೆ ಹಾರಿ ಹೋಗುವ ಮಾತಿಲ್ಲ. ಎದೆಯ ಎರಡು ಪುಟ್ಟ ಚೀಲಗಳಲ್ಲಿ ತಂದ ಪರಾಗವನ್ನು ಅದು ಮುಂಗಾಲಿನಿಂದ ತೆಗೆದು ಹೂಗಳ ಮೇಲೆ ಸವರುತ್ತದೆ. ಕೆಲವು ಹೂಗಳೊಳಗೆ ಮೊಟ್ಟೆ ಇಡುತ್ತದೆ. ಆಮೇಲೆ ಅಲ್ಲೇ ಪ್ರಾಣ ಬಿಡುತ್ತದೆ.

ಮೊಟ್ಟೆ ಬಿದ್ದ ಹೂಗಳಲ್ಲಿ ಮರಿ ಬೆಳೆಯುತ್ತದೆ, ಉಳಿದ ಹೂಗಳಲ್ಲಿ ಬೀಜ ಕಟ್ಟುತ್ತದೆ. ಮರವು ಕೆಲವು ಹೂಗಳನ್ನು ಕಣಜಕ್ಕೆ ಬಿಟ್ಟುಕೊಟ್ಟು ಮಿಕ್ಕವುಗಳಲ್ಲಿ ತನ್ನ ಸಂತಾನ ಉಳಿಸಿಕೊಳ್ಳುತ್ತದೆ. ಕೆಲವು ವಾರಗಳ ನಂತರ ಮೊದಲು ಗಂಡು ಕಣಜಗಳು ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳನ್ನು ಕೂಡಿದ ಮೇಲೆ ಅವು ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡುತ್ತವೆ. ಅಷ್ಟು ಹೊತ್ತಿಗೆ ಗಂಡು ಹೂಗಳು ಅರಳಿರುತ್ತವೆ. ಹೆಣ್ಣು ಕಣಜಗಳು ಆ ಪರಾಗವನ್ನು ಎದೆಯ ಚೀಲಕ್ಕೆ ತುಂಬಿಕೊಂಡು, ಗಂಡುಗಳು ಕೊರೆದ ದಾರಿಯಲ್ಲಿ ಹೊರಗೆ ಹಾರುತ್ತವೆ. ಆನಂತರವೇ ಕಾಯಿ ಕೆಂಪೇರಿ, ಮೆದುವಾಗಿ, ಸಿಹಿಯಾಗಿ ಹಣ್ಣಾಗುವುದು. ನಾವು ಹಣ್ಣು ಬಿಚ್ಚಿದಾಗ ಕಾಣುವವು ಹೊರಗೆ ಹೋಗಲಾರದೆ ಉಳಿದ ಕಣಜಗಳು ಮತ್ತು ಬೇರೆ ಸಣ್ಣ ಕೀಟಗಳು.

ಇಂಥ ವ್ಯವಸ್ಥೆಯಲ್ಲಿ ಕಳ್ಳರೂ ಇದ್ದಾರೆ. ಪರಾಗ ತರದೆ, ಸೂಜಿಯಂಥ ಉದ್ದನೆಯ ಅಂಗದಿಂದ ಕಾಯಿಯನ್ನು ಹೊರಗಿನಿಂದಲೇ ಚುಚ್ಚಿ ಮೊಟ್ಟೆ ಇಡುವ ಬೇರೆ ಕಣಜಗಳಿವೆ. ಅವುಗಳನ್ನು ಹಿಡಿದು ತಿನ್ನಲು ಇರುವೆಗಳು ಕಾಂಡದ ಮೇಲೆ ಕಾದಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರೂ ಅವರ ಶಿಷ್ಯರೂ ಇದೇ ಅತ್ತಿ ಮರವನ್ನು ಹಲವು ವರ್ಷ ಅಭ್ಯಾಸ ಮಾಡಿ, ಕಾಯಿಯ ವಾಸನೆ ಹಂತ ಹಂತಕ್ಕೆ ಹೇಗೆ ಬದಲಾಗುತ್ತದೆ, ಕಣಜ, ಇರುವೆಗಳು ಅದಕ್ಕೆ ಹೇಗೆ ಓಗೊಡುತ್ತವೆ ಎಂಬುದನ್ನು ಬರೆದಿದ್ದಾರೆ.

ಹುಳು ಎಂದು ಮೂಗು ಮುರಿದೆವಲ್ಲ, ಆ ಹುಳುವಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ. ಅತ್ತಿ ಇಲ್ಲದಿದ್ದರೆ ಆ ಕಣಜಕ್ಕೆ ಹುಟ್ಟುವ ಜಾಗವೇ ಇಲ್ಲ. ಈ ಕುಲದ ಮರಗಳಿಗೂ ಕಣಜಗಳಿಗೂ ಇರುವ ನಂಟು ಆರು ಕೋಟಿ ವರ್ಷಗಳಿಗೂ ಹಿಂದಿನದೆಂದು ವಿಜ್ಞಾನಿಗಳ ಎಣಿಕೆ.

ಒಂದೇ ಮರ ಸಾಲದು

ಇಲ್ಲಿಗೆ ಪಾಠದ ಮುಖ್ಯ ವಿಷಯಕ್ಕೆ ಬಂದೆವು. ಹೊರಬಿದ್ದ ಹೆಣ್ಣು ಕಣಜದ ಆಯುಸ್ಸು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಅಷ್ಟರೊಳಗೆ ಅದು ಹೆಣ್ಣು ಹೂ ಅರಳಿರುವ ಕಾಯಿಯನ್ನು ಸೇರಬೇಕು. ಆದರೆ ಒಂದು ಅತ್ತಿ ಮರದ ಕಾಯಿಗಳೆಲ್ಲ ಸಾಮಾನ್ಯವಾಗಿ ಒಂದೇ ಹಂತದಲ್ಲಿ ಬೆಳೆಯುತ್ತವೆ. ತಾನು ಹುಟ್ಟಿದ ಮರದಲ್ಲಿ ಎಲ್ಲ ಕಾಯಿಗಳೂ ಹಣ್ಣಾಗುವ ಹೊತ್ತಿಗೆ ಕಣಜಕ್ಕೆ ಅಲ್ಲಿ ಕೆಲಸವಿಲ್ಲ. ಅದು ಬೇರೆ ಮರವನ್ನೇ ಹುಡುಕಬೇಕು, ಆ ಮರ ಸರಿಯಾಗಿ ಅದೇ ದಿನಗಳಲ್ಲಿ ಎಳೆಗಾಯಿ ಬಿಟ್ಟಿರಬೇಕು.

ಗಾಳಿ ಸಿಕ್ಕಿದರೆ ಇಂಥ ಕಣಜಗಳು ಬಹಳ ದೂರ ಹೋಗಬಲ್ಲವು. ಆಫ್ರಿಕದ ನಮೀಬಿಯಾ ದೇಶದ ಉಗಾಬ್ ನದಿಯ ದಂಡೆಯಲ್ಲಿ ಅತ್ತಿಯ ಹತ್ತಿರದ ಬಂಧುವಾದ ಮರವೊಂದರ ಕಣಜಗಳು 160 ಕಿಲೋಮೀಟರ್ ದೂರದಿಂದ ಬಂದಿದ್ದವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಆದರೆ ಹೊರಟವುಗಳೆಲ್ಲ ತಲಪುವುದಿಲ್ಲ. ಬಹುಪಾಲು ದಾರಿಯಲ್ಲೇ ಮಡಿಯುತ್ತವೆ. ಮರಗಳ ನಡುವಿನ ದೂರ ಹೆಚ್ಚಿದಷ್ಟೂ ತಲಪುವವು ಕಡಿಮೆ. ಕಣಜ ಬಾರದ ಕಾಯಿ ಹಣ್ಣಾಗದೆ ಉದುರಿಹೋಗುತ್ತದೆ.

ಆದ್ದರಿಂದ ಒಂದು ಹಳ್ಳದ ಉದ್ದಕ್ಕೆ ಹತ್ತು ಅತ್ತಿಗಳಿದ್ದು, ಒಂಬತ್ತನ್ನು ಕಡಿದು, ಒಂದನ್ನು ಮಾತ್ರ ಪುಣ್ಯಕ್ಕೆಂದು ಉಳಿಸಿದೆವು ಎಂದರೆ ಲೆಕ್ಕ ಸರಿಹೋಗದು. ಉಳಿದ ಮರ ಬದುಕಿರಬಹುದು. ಅದರ ಸಂಸಾರ ನಡೆಯುವುದು ಕಷ್ಟ. ಊರಿಂದೂರಿಗೆ, ಹೊಲದಿಂದ ಹೊಲಕ್ಕೆ ಮರಗಳ ಸರಪಣಿ ಇದ್ದರೇನೇ ಅತ್ತಿಗೆ ಬಾಳು. ಈ ಸರಪಣಿಯ ಕೆಲವು ಕೊಂಡಿಗಳು ಕಾಡಿನಲ್ಲಿವೆ, ಕೆಲವು ನಮ್ಮ ಪಟ್ಟಾ ಜಮೀನಿನಲ್ಲಿವೆ. ಕಾಡಿನವನ್ನು ಸರ್ಕಾರ ನೋಡಿಕೊಳ್ಳುತ್ತದೆ. ನಮ್ಮವನ್ನು ನಾವೇ ನೋಡಿಕೊಳ್ಳಬೇಕು.

ಪಂಕ್ತಿಯಲ್ಲಿ ಕುಳಿತವರು

ಸತ್ಯಮಂಗಲ ಕಾಡನ್ನು 2008ರಲ್ಲಿ ವನ್ಯಧಾಮವೆಂದೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿಸಲಾಯಿತು. ಹಾಸನೂರು, ತಲಮಲೆ, ಗೇರ್ಮಾಳದ ಸುತ್ತಿನ ಈ ಕಾಡುಗಳಲ್ಲಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಹುಲ್ಲು ಒಣಗಿ, ಎಲೆ ಉದುರಿ, ತಿನ್ನಲು ಏನೂ ಸಿಗದ ಕಾಲ ಬರುತ್ತದೆ. ಬೇರೆ ಮರಗಳು ವರ್ಷಕ್ಕೊಮ್ಮೆ ತಮ್ಮ ತಮ್ಮ ಕಾಲದಲ್ಲಿ ಹಣ್ಣು ಬಿಡುತ್ತವೆ. ಅತ್ತಿ ಮರಗಳಿಗೆ ಹಾಗೆ ಒಂದು ಗೊತ್ತಾದ ಕಾಲವಿಲ್ಲ. ಒಂದು ಮರ ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು. ಹೀಗಾಗಿ ಅತ್ತಿಗಳು ಸಾಕಷ್ಟಿರುವ ಕಡೆ ವರ್ಷದ ಯಾವ ದಿನ ಹೋದರೂ ಎಲ್ಲೋ ಒಂದು ಮರದಲ್ಲಿ ಹಣ್ಣಿರುತ್ತದೆ. ಕಣಜಕ್ಕಾಗಿ ಇರುವ ಈ ಏರ್ಪಾಡೇ ಕಾಡಿಗೆಲ್ಲ ಅನ್ನದ ಏರ್ಪಾಡಾಯಿತು.

ಹಣ್ಣಾದ ಮರದ ಕೆಳಗೆ ಒಂದು ದಿನ ದೂರದಿಂದ ನಿಂತು ನೋಡಿದರೆ ಸಾಕು. ಬೆಳಗ್ಗೆ ಕುಟ್ರುಹಕ್ಕಿ, ಗಿಳಿ, ಹಸಿರು ಪಾರಿವಾಳ, ಮಂಗಟ್ಟೆ. ಹಗಲಲ್ಲಿ ಕೋತಿ, ಮುಸುವ, ಅಳಿಲು. ಅವು ಅರ್ಧ ಕಚ್ಚಿ ಬೀಳಿಸಿದ್ದಕ್ಕೆ ಕೆಳಗೆ ಜಿಂಕೆ, ಕಾಡುಹಂದಿ. ಕತ್ತಲಾದ ಮೇಲೆ ಬಾವಲಿ, ಪುನುಗುಬೆಕ್ಕು, ಕರಡಿ. ಆನೆಗೆ ಕೊಂಬೆಯೂ ಬೇಕು, ತೊಗಟೆಯೂ ಬೇಕು. ಹಳ್ಳಕ್ಕೆ ಬಿದ್ದ ಹಣ್ಣಿಗೆ ಮೀನು ಕಾದಿರುತ್ತದೆ. ಉಂಡವರು ಬೀಜವನ್ನು ಬೇರೆ ಕಡೆಗೆ ಒಯ್ದು ಬಿತ್ತುತ್ತಾರೆ. ಬಾವಿಯ ಕಲ್ಲಿನ ಸಂದಿನಲ್ಲಿ, ಹಳೆಯ ಗೋಡೆಯಲ್ಲಿ ಯಾರೂ ನೆಡದೆ ಮೊಳೆಯುವ ಅತ್ತಿ ಸಸಿ ಹಕ್ಕಿಯ ಕೈಂಕರ್ಯವೇ.

ಹಿರಿಯರ ಬಳಕೆಗಳು

ನೀರಿನ ಗುರುತು: ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ಒಂದು ಅಧ್ಯಾಯವೇ ಇದೆ. ಅಲ್ಲಿ ಹೇಳಿರುವ ಮರಗಳಲ್ಲಿ ಉದುಂಬರವೂ ಒಂದು. ನಮ್ಮ ಹಿರಿಯರೂ ಬಾವಿ ತೋಡುವ ಮೊದಲು ಹತ್ತಿರದಲ್ಲಿ ಅತ್ತಿ ಇದೆಯೇ ಎಂದು ನೋಡುತ್ತಿದ್ದರು. ಇದನ್ನು ಸರಿಯಾಗಿ ತಿಳಿಯಬೇಕು. ಅತ್ತಿ ಇದ್ದುದರಿಂದ ನೀರು ಹುಟ್ಟುವುದಿಲ್ಲ. ನೀರು ಮೇಲಿರುವ ಕಡೆ ಅತ್ತಿ ಹುಟ್ಟುತ್ತದೆ. ಹಾಗೆ ಹುಟ್ಟಿದ ಮರ ದಡದ ಮಣ್ಣನ್ನು ಬೇರಿನಿಂದ ಹಿಡಿದು, ಹಳ್ಳದ ನೀರಿಗೆ ನೆರಳು ಕೊಡುತ್ತದೆ. ನಮ್ಮ ಬೆಟ್ಟಗಳ ನೀರು ಒಂದು ಕಡೆ ಸುವರ್ಣಾವತಿಯಾಗಿ, ಇನ್ನೊಂದು ಕಡೆ ಮೋಯಾರ್ ಮತ್ತು ಭವಾನಿಯ ಮೂಲಕ ಕಾವೇರಿಗೇ ಸೇರುತ್ತದೆ. ಅದರ ದಡ ಕಾಯುವ ಕೆಲಸ ಸಣ್ಣದಲ್ಲ.

ಮರಮುಟ್ಟು: ಅತ್ತಿಯ ಮರ ಹಗುರ, ಮೃದು. ಬಿಸಿಲು ಗಾಳಿಗೆ ಬೇಗ ಹಾಳಾಗುತ್ತದೆ, ಬಾಗಿಲು ತೊಲೆಗೆ ಬಾರದು. ಆದರೆ ನೀರೊಳಗೆ ಬಹುಕಾಲ ಬಾಳುತ್ತದೆ. ಆದ್ದರಿಂದ ಬಾವಿಯ ತಳದ ಚೌಕಟ್ಟಿಗೆ ಇದನ್ನು ಬಳಸುತ್ತಿದ್ದರು. ಕಾಂಚೀಪುರದ ವರದರಾಜ ಪೆರುಮಾಳ್ ದೇವಾಲಯದ ಕೊಳದೊಳಗೆ ಇರಿಸಿರುವ ಅತ್ತಿ ಮರದ ವಿಗ್ರಹವನ್ನು 40 ವರ್ಷಕ್ಕೊಮ್ಮೆ ಮೇಲೆ ತೆಗೆಯುತ್ತಾರೆ. 1979ರಲ್ಲೂ 2019ರಲ್ಲೂ ಲಕ್ಷಾಂತರ ಜನ ಅದನ್ನು ನೋಡಿದರು. ನೀರಿನಲ್ಲಿ ಅತ್ತಿಯ ಬಾಳಿಕೆ ಎಷ್ಟೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಔಷಧ: ಆಲ, ಅತ್ತಿ, ಅರಳಿ, ಬಸರಿ, ಹೂವರಸಿ ಈ ಐದು ಮರಗಳ ತೊಗಟೆಗೆ ಆಯುರ್ವೇದದಲ್ಲಿ ಪಂಚವಲ್ಕಲ ಎಂದು ಹೆಸರು. ಇದರ ಕಷಾಯದಿಂದ ಗಾಯ, ಹುಣ್ಣು ತೊಳೆಯುತ್ತಾರೆ. ಅತ್ತಿ ಚಕ್ಕೆಯ ಒಗರು ಕಷಾಯದಿಂದ ಬಾಯಿ ಹುಣ್ಣಿಗೆ ಮುಕ್ಕಳಿಸುವುದು, ಭೇದಿಗೆ ಸ್ವಲ್ಪ ಕುಡಿಸುವುದು ಮನೆಮದ್ದು. ಕುರುವಿಗೆ ಹಾಲು ಹಚ್ಚುತ್ತಾರೆ. ರಾತ್ರಿ ಬೇರಿನ ತುದಿ ಕತ್ತರಿಸಿ ಮಡಕೆಗೆ ಇಳಿಬಿಟ್ಟು, ಬೆಳಗ್ಗೆ ಕೂಡಿದ ನೀರನ್ನು ಮೈ ಉಷ್ಣಕ್ಕೆ ಕುಡಿಯುವ ಪದ್ಧತಿಯೂ ಇದೆ. ಸಿಡುಬಿನ ಕಾಲದಲ್ಲಿ ಎಲೆಯ ಮೇಲಿನ ಗಂಟುಗಳನ್ನು ಹಾಲಿನಲ್ಲಿ ನೆನೆಸಿ ಜೇನು ಬೆರೆಸಿ, ಮುಖದಲ್ಲಿ ಕುಳಿ ಬೀಳದಿರಲೆಂದು ಕೊಡುತ್ತಿದ್ದರು. ಸಿಡುಬು ಭೂಮಿಯ ಮೇಲಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಅದು ಹೋದದ್ದು ಲಸಿಕೆಯಿಂದ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅತ್ತಿ ಚಕ್ಕೆಯ ಸಾರ ರಕ್ತದ ಸಕ್ಕರೆಯನ್ನು ಇಳಿಸಿತೆಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅದನ್ನು ಕೇಳಿ ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಕಷಾಯಕ್ಕೆ ಇಳಿಯಬಾರದು. ವೈದ್ಯರನ್ನು ಕೇಳದೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದೂ ಅಪಾಯವೇ. ಮಕ್ಕಳಿಗೆ ಭೇದಿಯಾದರೆ ಮೊದಲು ಉಪ್ಪು ಸಕ್ಕರೆ ನೀರು, ಆಮೇಲೆ ಆಸ್ಪತ್ರೆ. ಚಕ್ಕೆ ತೆಗೆಯುವವರು ಕಾಂಡದ ಸುತ್ತಲೂ ಬಳೆಯಂತೆ ಕೆತ್ತಬಾರದು. ಹಾಗೆ ಮಾಡಿದರೆ ಮರ ಒಣಗುತ್ತದೆ. ಮೀಸಲು ಕಾಡಿನ ಮರವನ್ನಂತೂ ಮುಟ್ಟಲೇಬಾರದು.

ಅಡುಗೆ ಮತ್ತು ಮೇವು: ಎಳೆಯ ಕಾಯಿಯನ್ನು ಹೆಚ್ಚಿ, ಹಾಲು ಹೋಗುವಂತೆ ಮಜ್ಜಿಗೆ ನೀರಿನಲ್ಲಿ ನೆನೆಸಿ, ಬೇಯಿಸಿ ಬಸಿದು ಪಲ್ಯ ಮಾಡುತ್ತಾರೆ. ಹಣ್ಣನ್ನು ಬಿಡಿಸಿ, ಕೊಡವಿ, ಬಿಸಿಲಿಗೆ ಒಣಗಿಸಿ ತಿನ್ನುವವರಿದ್ದಾರೆ. ಸಂಸ್ಕೃತದಲ್ಲಿ ಇದಕ್ಕೆ ಜಂತುಫಲ ಎಂಬ ಹೆಸರೂ ಉಂಟು. ಜೀವವಿರುವ ಹಣ್ಣನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವುದು ಹೇಗೆಂದು ನಮ್ಮ ಅನೇಕ ಮನೆಗಳಲ್ಲಿ ಹಣ್ಣನ್ನು ಹಕ್ಕಿಗಳಿಗೇ ಬಿಡುತ್ತಾರೆ. ಅದು ಒಳ್ಳೆಯ ವಾಡಿಕೆ. ಎಲೆ ದನ, ಆಡುಗಳಿಗೆ ಮೇವು. ಮಲೆನಾಡಿನ ಕಾಫಿ ತೋಟಗಳಲ್ಲಿ ಅತ್ತಿ ನೆರಳಿನ ಮರ.

ಶರಣರ ದೃಷ್ಟಿ

ವೈದಿಕರು ಅತ್ತಿಯ ಕಡ್ಡಿಯನ್ನು ಹೋಮದ ಸಮಿತ್ತಾಗಿ ಬಳಸುತ್ತಾರೆ. ದತ್ತಾತ್ರೇಯನ ಭಕ್ತರು ಔದುಂಬರವನ್ನು ಪೂಜಿಸುತ್ತಾರೆ. ಲಿಂಗವಂತರಾದ ನಮಗೆ ಹೋಮವಿಲ್ಲ, ಮರ ಸುತ್ತುವ ಪೂಜೆಯೂ ಇಲ್ಲ. ಬಸವಣ್ಣನವರು ಅದನ್ನು ಒಪ್ಪಲಿಲ್ಲ. ಈ ಮಾತನ್ನು ಹಿಡಿದು ನಮ್ಮವರೇ ಕೆಲವರು, ‘ನಾವು ಮರಕ್ಕೆ ಕೈ ಮುಗಿಯುವವರಲ್ಲ, ಕಡಿದರೆ ದೋಷವೇನು?’ ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮದೇ ತಪ್ಪೊಂದನ್ನು ಹೇಳಬೇಕು. ಹಿಂದೊಮ್ಮೆ ಬಾವಿಯ ಪಕ್ಕದಲ್ಲಿದ್ದ ಅತ್ತಿಯನ್ನು, ಹಣ್ಣು ನೀರಿಗೆ ಬಿದ್ದು ಗಲೀಜಾಗುತ್ತದೆಂದು ನಾವೇ ನಿಂತು ಕಡಿಸಿದೆವು. ಸೌದೆಗಾದರೂ ಆದೀತೆಂದರೆ ಬರೀ ಹೊಗೆ. ಮಾರನೆಯ ದಿನ ದನ ಮೇಯಿಸುವ ಒಬ್ಬ ಮುದುಕರು ಬಂದು ಮೋಟನ್ನು ನೋಡಿ, ‘ಯಾಕ್ ಬುದ್ಧಿ ಕಡುಸ್ಬುಟ್ರಿ? ಬ್ಯಾಸ್ಗೇಲಿ ಅವು ಎಲ್ಲಿಗೋದಾವು?’ ಎಂದರು. ಅವು ಎಂದರೆ ಯಾವುವು ಎಂದು ನಾವು ಕೇಳಲಿಲ್ಲ. ಕೇಳುವ ಮುಖ ನಮಗಿರಲಿಲ್ಲ. ಬಾವಿಗೆ ಒಂದು ಬಲೆ ಹೊದಿಸಿದ್ದರೆ ಸಾಕಾಗಿತ್ತು.

ಉತ್ತರ ಇಷ್ಟೇ. ಮರ ಸುತ್ತುವುದನ್ನು ಒಪ್ಪದ ಬಸವಣ್ಣನವರೇ, ಜೀವಗಳ ಮೇಲೆ ಕರುಣೆಯಿಲ್ಲದ ಧರ್ಮವನ್ನೂ ಧರ್ಮವೆಂದು ಒಪ್ಪಲಿಲ್ಲ. ಪೂಜೆಯಿಂದ ಬಿಡುಗಡೆ ಸಿಕ್ಕಿತೆಂದರೆ ಹೊಣೆಯಿಂದ ಬಿಡುಗಡೆ ಸಿಕ್ಕಿತೆಂದಲ್ಲ. ಮರದ ಸುತ್ತ ಮೂರು ಸಲ ಬಂದು ದಾರ ಕಟ್ಟಿ ಹೋಗುವುದು ಸುಲಭ. ಮರ ಇರುವ ಜಾಗದಲ್ಲಿ ಎರಡು ಸಾಲು ಬೆಳೆ ಕಡಿಮೆಯಾದರೂ ಸೈರಿಸಿಕೊಂಡು ಅದನ್ನು ಉಳಿಸುವುದು ಕಷ್ಟ. ಶರಣರು ನಮ್ಮಿಂದ ಬಯಸಿದ್ದು ಆ ಕಷ್ಟವನ್ನೇ.

ಮರಕ್ಕೆ ಧರ್ಮಬುದ್ಧಿ ಇದೆಯೆಂದು ನಾವು ಹೇಳಲು ಹೊರಟಿಲ್ಲ. ಅದು ಹಣ್ಣು ಬಿಡುವುದು ತನ್ನ ಬೀಜ ಹರಡಲೆಂದೇ. ಆದರೂ ಅದು ನಡೆಯುವ ರೀತಿಯಲ್ಲಿ ನಮಗೆ ಪಾಠವಿದೆ. ಹೂವನ್ನು ಒಳಗಿಟ್ಟು ಫಲವನ್ನು ಹೊರಗಿಡುತ್ತದೆ. ಬಂದವರು ಯಾರೆಂದು ಕೇಳುವುದಿಲ್ಲ. ಆನೆಗೊಂದು ಪಂಕ್ತಿ, ಅಳಿಲಿಗೊಂದು ಪಂಕ್ತಿ ಎಂಬುದಿಲ್ಲ. ಕೊಟ್ಟೆನೆಂಬ ಹಮ್ಮಿಲ್ಲದೆ ಕೊಡುವುದೇ ದಾಸೋಹವಾದರೆ, ಅದರ ಚಿತ್ರವೊಂದು ನಮ್ಮ ಹಳ್ಳದ ದಂಡೆಯಲ್ಲೇ ನಿಂತಿದೆ.

ನಾವು ಮಾಡಬಹುದಾದದ್ದು

ಹೊಲದ ಅಂಚಿನಲ್ಲಿ ಈಗಾಗಲೇ ಇರುವ ಅತ್ತಿಯನ್ನು ಉಳಿಸಿಕೊಳ್ಳುವುದು ಮೊದಲ ಕೆಲಸ. ನೆರಳು ಹೆಚ್ಚೆನಿಸಿದರೆ ಕೆಲವು ಕೊಂಬೆ ಸವರಬಹುದು, ಬುಡಕ್ಕೆ ಕೈ ಹಾಕುವುದು ಬೇಡ. ಹಕ್ಕಿ ಬಿತ್ತಿದ ಸಸಿ ಗೋಡೆಯಲ್ಲಿ ಬಂದಿದ್ದರೆ ಚಿಕ್ಕದಿರುವಾಗಲೇ ಬಿಡಿಸಿ ಹಳ್ಳದ ದಂಡೆಗೆ ನೆಡಬಹುದು. ಮಳೆ ಹಿಡಿದಾಗ ದಪ್ಪ ಕೊಂಬೆಯ ಗೂಟ ನೆಟ್ಟರೂ ಚಿಗುರುತ್ತದೆ. ಮೊದಲ ಎರಡು ಬೇಸಿಗೆ ನೀರು ಕೊಟ್ಟು ದನ, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಬೇಕು.

ಒಂದು ಮಾತು ಮರೆಯಬಾರದು. ಹಣ್ಣಿರುವ ಅತ್ತಿಗೆ ಕರಡಿ ಬರುತ್ತದೆ, ಆನೆಯೂ ಬರುತ್ತದೆ. ಬಾಳೆ, ಕಬ್ಬು, ಜೋಳ ಕಳೆದುಕೊಂಡ ರೈತರ ಸಂಕಟ ನಮಗೆ ತಿಳಿಯದ್ದಲ್ಲ. ಆದ್ದರಿಂದ ಮನೆಯ ಹಿತ್ತಲಲ್ಲಿ, ಶಾಲೆಯ ಬಳಿ, ಕಣದ ಪಕ್ಕದಲ್ಲಿ ಹೊಸದಾಗಿ ಅತ್ತಿ ನೆಡುವುದು ಬೇಡ. ಊರಿನಿಂದ ದೂರ, ಹಳ್ಳದ ಅಂಚು, ಕೆರೆಯ ಹಿಂಭಾಗ, ಗೋಮಾಳದ ತಗ್ಗು, ಇಂಥ ಕಡೆ ನೆಡಬೇಕು. ಹಣ್ಣಿನ ಕಾಲದಲ್ಲಿ ಮುಸ್ಸಂಜೆ, ಮುಂಜಾವಿನಲ್ಲಿ ಮಕ್ಕಳನ್ನು ಆ ಮರದ ಕಡೆ ಕಳಿಸಬಾರದು.

ಮಕ್ಕಳ ಅಭ್ಯಾಸಕ್ಕೆ

1. ಎಳೆಯ ಕಾಯಿ, ಬಲಿತ ಕಾಯಿ, ಹಣ್ಣು ಮೂರನ್ನೂ ಹೋಳು ಮಾಡಿ ನೋಡಿ, ಒಳಗೆ ಕಂಡದ್ದನ್ನು ಚಿತ್ರ ಬರೆಯಿರಿ.

2. ಅತ್ತಿ, ಕಾಡತ್ತಿ, ಆಲ, ಅರಳಿ ಎಲೆಗಳನ್ನು ಪುಸ್ತಕದಲ್ಲಿ ಒಣಗಿಸಿ, ವ್ಯತ್ಯಾಸ ಬರೆಯಿರಿ.

3. ನಿಮ್ಮ ಊರಿನ ಎಲ್ಲೆಯಲ್ಲಿ ಎಷ್ಟು ಅತ್ತಿ ಮರಗಳಿವೆ? ಯಾವುದು ಯಾವ ತಿಂಗಳಲ್ಲಿ ಹಣ್ಣಾಯಿತು? ದೊಡ್ಡವರ ಜೊತೆ ಹೋಗಿ ಒಂದು ವರ್ಷ ಗುರುತು ಹಾಕಿ.

4. ಹಿಂದೆ ಮರವಿದ್ದು ಈಗಿಲ್ಲದ ಜಾಗ ಯಾವುದೆಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಮಳೆಗಾಲದಲ್ಲಿ ಗೂಟ ನೆಡಲು ಆ ಜಾಗವೇ ಮೊದಲು.

ಈ ನಾಲ್ಕನೆಯದನ್ನು ದೊಡ್ಡವರೂ ಮಾಡಬೇಕೆಂದು ನಮ್ಮ ಬಿನ್ನಹ. ನಾವು ಕಡಿಸಿದ ಮರದ ಬದಲಿಗೆ ಎರಡು ಗೂಟ ನೆಟ್ಟಿದ್ದೇವೆ. ಒಂದು ಚಿಗುರಿದೆ.